ಡ್ರೈಯರ್ ತಿರುಗುತ್ತದೆ, ಗಾಳಿ ಮಾತ್ರ ತಣ್ಣಗೆ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ 40 ದಿನ. ಮಳೆ ಬಿಡುವ ಲಕ್ಷಣ ಇಲ್ಲ. ನಾಲ್ಕು ವರ್ಷದ ಹಿಂದೆ ತೆಗೆದುಕೊಂಡ 6 ಕೆಜಿ ಡ್ರೈಯರ್ ಇದೆ. ಅದರ ಹಿಂದಿನ ಪೈಪು ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಎಂಟು ದಿನದಿಂದ ಡ್ರಮ್ ತಿರುಗುತ್ತದೆ, ಗಾಳಿಯೂ ಬರುತ್ತದೆ, ಆದರೆ ಗಾಳಿ ತಣ್ಣಗಿದೆ. ಎರಡು ತಾಸು ಓಡಿಸಿದರೂ ಬಟ್ಟೆ ಹಸಿ ಹಸಿ. ರಿಪೇರಿಯವರು ಬಂದು ಐದು ನಿಮಿಷ ನೋಡಿ, "ಹೀಟರ್ ಹೋಗಿದೆ, ನಾಲ್ಕೂವರೆ ಸಾವಿರ ಆಗುತ್ತದೆ. ಬೇಡ ಅಂದರೆ ಒಳಗಿನ ಫ್ಯೂಸ್ ಡೈರೆಕ್ಟ್ ಮಾಡಿ ನೋಡೋಣ" ಅಂದರು. ಏನು ಮಾಡಲಿ ಸರ್?

ಉತ್ತರ: ಅಕ್ಕಾ, ಫ್ಯೂಸ್ ಡೈರೆಕ್ಟ್ ಮಾಡಲು ಮಾತ್ರ ಒಪ್ಪಬೇಡಿ. ಉಳಿದದ್ದೆಲ್ಲ ಆಮೇಲೆ. ಅದು ಥರ್ಮಲ್ ಫ್ಯೂಸ್. ಒಳಗೆ ಬಿಸಿ ಅಳತೆ ಮೀರಿದರೆ ಹೀಟರಿಗೆ ಹೋಗುವ ಕರೆಂಟನ್ನು ಕಡಿಯುವುದು ಅದರ ಕೆಲಸ. ಅದನ್ನು ತೆಗೆದು ಎರಡು ವೈರ್ ಸೇರಿಸಿಬಿಟ್ಟರೆ ಡ್ರೈಯರ್ ಅವತ್ತೇ ಬಿಸಿಯಾಗುತ್ತದೆ, ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ ಒಳಗೆ ಇರುವುದು 2000 ವ್ಯಾಟ್ ಹೀಟರು, ಒಣ ಬಟ್ಟೆ, ಹತ್ತಿಯ ಧೂಳು. ಮುಂದಿನ ಸಲ ಬಿಸಿ ಮೀರಿದಾಗ ತಡೆಯಲು ಆ ಕೊನೆಯ ಕಾವಲು ಇರುವುದಿಲ್ಲ. ಪಕ್ಕದ ಕೋಣೆಯಲ್ಲಿ ಬಾಣಂತಿ, ಮಗು ಮಲಗಿದ್ದಾರೆ ಅಲ್ವಾ? ಇಂಥ ಕೆಲಸ ಬೇಡವೇ ಬೇಡ.

ಹೀಟರ್ ಹೋಗಿರಲೂಬಹುದು. ಆದರೆ ಮಲ್ಟಿಮೀಟರ್ ಹಿಡಿದು ಅಳೆಯದೆ ಹೇಳುವ ಮಾತಲ್ಲ ಅದು. ಕಾರವಾರದಿಂದ ಭಟ್ಕಳದವರೆಗೆ ನಾನು ಬಿಚ್ಚಿ ನೋಡಿದ ಡ್ರೈಯರ್‌ಗಳಲ್ಲಿ ಹೀಟರ್ ತಾನಾಗಿಯೇ ಹೋಗಿದ್ದು ಕಡಿಮೆ. ಗಾಳಿಯ ದಾರಿ ಕಟ್ಟಿ ಫ್ಯೂಸ್ ಹಾರಿದ್ದು, ಉಪ್ಪುಗಾಳಿಗೆ ವೈರಿನ ತುದಿ ಕಿಲುಬು ಹಿಡಿದದ್ದು, ವೋಲ್ಟೇಜ್ ಬಿದ್ದದ್ದು, ಇವೇ ಜಾಸ್ತಿ.

ಓದುವ ಬೇರೆಯವರಿಗೂ ಒಂದು ಮಾತು. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಹಿಂಡುವ ತೊಟ್ಟಿಗೂ ನಮ್ಮಲ್ಲಿ ಡ್ರೈಯರ್ ಅನ್ನುತ್ತಾರೆ. ಅದರಲ್ಲಿ ಹೀಟರೇ ಇರುವುದಿಲ್ಲ, ಸುಮ್ನೆ ಜೋರಾಗಿ ತಿರುಗಿಸಿ ನೀರು ಹೊರಗೆ ಹಾಕುತ್ತದೆ. ಅದು ಬಿಸಿಯಾಗುತ್ತಿಲ್ಲ ಎಂದು ಯಾರಿಗೂ ದುಡ್ಡು ಕೊಡಬೇಡಿ.

ತಣ್ಣನೆ ಗಾಳಿ ಎರಡು ತಾಸು ಬೀಸಿದರೂ ಬಟ್ಟೆ ಯಾಕೆ ಒಣಗಲಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಏಪ್ರಿಲ್ ತಿಂಗಳ ಧಾರವಾಡದಲ್ಲಾದರೆ ಒಣಗುತ್ತಿತ್ತು. ಆದರೆ ನಮ್ಮ ಕರಾವಳಿಯ ಆಷಾಢದ ಗಾಳಿಯೇ ಒದ್ದೆ. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಿನ ಆವಿ ಹಿಡಿದುಕೊಳ್ಳಬಲ್ಲದು. ಮಳೆಗಾಲದಲ್ಲಿ ಅದರಲ್ಲಿ 21, 22 ಗ್ರಾಂ ಮೊದಲೇ ತುಂಬಿರುತ್ತದೆ. ನಿಮ್ಮ ಬಟ್ಟೆಯ ನೀರಿಗೆ ಅಲ್ಲಿ ಜಾಗವೇ ಇಲ್ಲ. ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಒಂದು ಘನ ಮೀಟರಿನಲ್ಲಿ 130 ಗ್ರಾಂವರೆಗೆ ಹಿಡಿಯುತ್ತದೆ. ಡ್ರೈಯರ್ ಮಾಡುವುದು ಇಷ್ಟೇ: ಗಾಳಿ ಕಾಯಿಸಿ ಜಾಗ ಮಾಡುವುದು, ತುಂಬಿದ ಗಾಳಿಯನ್ನು ಹೊರಗೆ ತಳ್ಳುವುದು. ಎರಡರಲ್ಲಿ ಒಂದು ನಿಂತರೂ ಬಟ್ಟೆ ಹಸಿ. ಶಿರಸಿ ಕಡೆ ಅಡಿಕೆ ಡ್ರೈಯರ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಎಷ್ಟೇ ಬೆಂಕಿ ಹಾಕಲಿ, ಹಬೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅಡಿಕೆ ಬೂಸ್ಟು ಹಿಡಿಯುತ್ತದೆ.

ಈಗ ಪರೀಕ್ಷೆಗೆ ಬರೋಣ. ಯಾವ ಸ್ಕ್ರೂ ಕೂಡ ಬಿಚ್ಚುವುದು ಬೇಡ, ಮನೆಯ ಕರೆಂಟ್ ಮೀಟರೇ ಹೇಳುತ್ತದೆ. ಫ್ರಿಜ್, ಗೀಸರ್, ಪಂಪು, ಫ್ಯಾನು, ಟಿವಿ ಎಲ್ಲ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಅದು ಸದ್ದಿಲ್ಲದೆ ಚಾರ್ಜ್ ಆಗುತ್ತಿರುತ್ತದೆ. ಒದ್ದೆ ಬಟ್ಟೆ ಹಾಕಿ, ಜಾಸ್ತಿ ಬಿಸಿಯ ಸೆಟ್ಟಿಂಗಿಗೆ ಇಟ್ಟು ಡ್ರೈಯರ್ ಒಂದನ್ನೇ ಚಾಲೂ ಮಾಡಿ. ಮೀಟರಿನ ಮುಂದೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸಲ ಮಿಣುಕಿತು ಎಂದು ಎಣಿಸಿ. ವೇಗ ಜಾಸ್ತಿ ಇದ್ದರೆ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ನಿಮ್ಮದರಲ್ಲಿ 3200 ಎಂದಿದ್ದರೆ ಲೆಕ್ಕ ಹೀಗೆ. 1600 ಎಂದಿದ್ದರೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ.

ನಿಮಿಷಕ್ಕೆ 10ರಿಂದ 15 ಸಲ ಮಿಣುಕಿದರೆ ಮೋಟರ್ ಮಾತ್ರ ಓಡುತ್ತಿದೆ, ಹೀಟರಿಗೆ ಕರೆಂಟೇ ಹೋಗುತ್ತಿಲ್ಲ. 100ರಿಂದ 120 ಬಂದರೆ 2000 ವ್ಯಾಟ್ ಹೀಟರ್ ಪೂರ್ತಿ ಉರಿಯುತ್ತಿದೆ. 60, 70ರ ಹತ್ತಿರ ಬಂದರೆ ಹೀಟರ್ ಅರ್ಧ ಜೀವದಲ್ಲಿದೆ. ಇನ್ನೊಂದು ಬಗೆಯೂ ಉಂಟು. ಮೊದಲು ಎರಡು ಮೂರು ನಿಮಿಷ ಜೋರಾಗಿ ಮಿಣುಕಿ, ತಟ್ಟನೆ ನಿಧಾನವಾಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಜೋರಾಗುವುದು. ಬಟ್ಟೆ ಒಣಗುತ್ತಾ ಬಂದಾಗ ಹೀಗಾದರೆ ಸರಿಯೇ. ಒದ್ದೆ ಬಟ್ಟೆ ಹಾಕಿದ ಮೊದಲ 10 ನಿಮಿಷದಲ್ಲೇ ಹೀಗಾದರೆ ಗಾಳಿಯ ದಾರಿ ಕಟ್ಟಿದೆ. ಬಿಸಿ ಒಳಗೇ ಸಿಕ್ಕಿಬಿದ್ದು ಥರ್ಮೋಸ್ಟಾಟ್ ಪದೇ ಪದೇ ಹೀಟರನ್ನು ಆಫ್ ಮಾಡುತ್ತಿದೆ.

ನೀವು ಬರೆದಿದ್ದು ನೋಡಿದರೆ ನಿಮ್ಮದು 10, 15 ಮಿಣುಕಿನ ಮೆಷಿನ್ ಇರಬೇಕು. ಹಾಗಿದ್ದರೂ ಗಾಳಿಯ ದಾರಿಯಿಂದಲೇ ಶುರು ಮಾಡಿ. ಫ್ಯೂಸ್ ಹಾರಲು ಕಾರಣ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಬಾಗಿಲ ಹತ್ತಿರದ ಜಾಲರಿ ತೆಗೆಯಿರಿ. ಅದರ ಮೇಲಿನ ಹತ್ತಿಯ ಧೂಳನ್ನು ನೀವು ಪ್ರತಿ ಸಲ ತೆಗೆಯುತ್ತಿರಬಹುದು. ಆದರೂ ಅದನ್ನು ನಲ್ಲಿಯ ಕೆಳಗೆ ಹಿಡಿದು ನೀರು ಬಿಡಿ. ನೀರು ಸರಸರ ಇಳಿದು ಹೋದರೆ ಒಳ್ಳೆಯದು. ತಟ್ಟೆಯಲ್ಲಿ ನಿಂತ ಹಾಗೆ ಜಾಲರಿಯ ಮೇಲೆ ನೀರು ನಿಂತರೆ, ಕಣ್ಣಿಗೆ ಕಾಣದ ಜಿಡ್ಡಿನ ಪದರ ತೂತುಗಳನ್ನು ಮುಚ್ಚಿದೆ ಎಂದು ಅರ್ಥ. ಬಟ್ಟೆ ಮೆತ್ತಗಾಗಲು ಹಾಕುವ ಲಿಕ್ವಿಡ್‌ನಿಂದ ಇದು ಆಗುತ್ತದೆ. ಬಾಣಂತಿ ಇರುವ ಮನೆಯಲ್ಲಿ ಮೈಗೆ ಹಚ್ಚಿದ ಎಣ್ಣೆಯಿಂದಲೂ ಆಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್, ಪಾತ್ರೆ ಸೋಪು, ಬಿಸಿ ನೀರು, ಇಷ್ಟು ಸಾಕು. ಒಣಗಿಸಿ ಹಾಕಿ.

ಆಮೇಲೆ ಪೈಪು. ಡ್ರೈಯರ್ ಓಡುವಾಗ ಹೊರಗೆ ಹೋಗಿ ಗೋಡೆಯ ತೂತಿನ ಮುಂದೆ ಕೈ ಹಿಡಿಯಿರಿ. ಗಾಳಿ ಕೈಗೆ ಗಟ್ಟಿಯಾಗಿ ತಾಗಬೇಕು. ಎರಡು ಮಳೆಗಾಲದ ಹಿಂದೆ ಕಾಳಿ ನದಿಯ ಆಚೆ ಸದಾಶಿವಗಡದ ಒಂದು ಮನೆಗೆ ಹೋಗಿದ್ದೆ. ಒಂದೇ ಸೀಸನ್ನಿನಲ್ಲಿ ಎರಡು ಸಲ ಥರ್ಮಲ್ ಫ್ಯೂಸ್ ಬದಲಾಗಿತ್ತು, ಮೂರನೆಯದೂ ಹೋಗಿತ್ತು. ಹೊರಗೆ ಕೈ ಹಿಡಿದರೆ ಗಾಳಿ ಉಸಿರಿನಷ್ಟೂ ಇಲ್ಲ. ಪೈಪು ಕಳಚಿ ಅಂಗಳದಲ್ಲಿ ಕೊಡವಿದೆ. ಮೊದಲು ಒದ್ದೆ ಹತ್ತಿಯ ಬೂದು ಮುದ್ದೆ ಬಿತ್ತು, ಹಿಂಡಿದರೆ ನೀರು ಬರುವಂತಿತ್ತು. ಪೈಪು ಮಧ್ಯದಲ್ಲಿ ಜೋತು ಬಿದ್ದ ಕಡೆ ಹಬೆ ತಣಿದು ನೀರಾಗಿ, ಧೂಳೆಲ್ಲ ಅಲ್ಲೇ ಕಲಸಿಕೊಂಡಿತ್ತು. ಆಮೇಲೆ ಹೊರ ತುದಿಯಿಂದ ಕೆಂಪು ಮಣ್ಣಿನ ಗಟ್ಟಿ ಉಂಡೆ ಬಿತ್ತು. ಕುಂಬಾರ ಹುಳದ ಗೂಡು. ಒಡೆದರೆ ಸಾಲು ಸಾಲು ಕೋಣೆ, ಒಳಗೆ ಮರಿಗೆಂದು ಕೂಡಿಟ್ಟ ಸಣ್ಣ ಸಣ್ಣ ಜೇಡಗಳು. ಬೇಸಿಗೆಯಲ್ಲಿ ಡ್ರೈಯರ್ ಸುಮ್ಮನೆ ನಿಂತಿದ್ದಾಗ ಹುಳ ಪಾಪ ಮನೆ ಕಟ್ಟಿಕೊಂಡಿತ್ತು. ಮೂರನೇ ಫ್ಯೂಸ್ ಹಾಕಿ, ಪೈಪನ್ನು ಗಿಡ್ಡ ಮಾಡಿ, ನೇರವಾಗಿ ಹೊರಗೆ ಇಳಿಜಾರಾಗಿ ಕೊಟ್ಟು ಬಂದೆ. ಆ ಮೆಷಿನ್ ಇವತ್ತಿಗೂ ಅದೇ ಹೀಟರಿನಲ್ಲಿ ಓಡುತ್ತಿದೆ.

ಹಾಗಾಗಿ ನಿಮ್ಮ ಪೈಪನ್ನೂ ಕಳಚಿ ನೋಡಿ. ಕಳಚುವ ಮೊದಲು ಪ್ಲಗ್ಗು ಕಿತ್ತಿರಬೇಕು. ಹೊರ ತುದಿಗೆ ಸಣ್ಣ ಕಣ್ಣಿನ ಸೊಳ್ಳೆ ಪರದೆ ಕಟ್ಟಬೇಡಿ, ಒಂದೇ ವಾರದಲ್ಲಿ ಹತ್ತಿ ಕೂತು ಮುಚ್ಚಿಹೋಗುತ್ತದೆ. ಗಾಳಿ ಬಂದಾಗ ತಾನಾಗಿ ಎದ್ದು, ನಿಂತಾಗ ಬೀಳುವ ಪಟ್ಟಿಯ ಮುಚ್ಚಳ ಸಿಗುತ್ತದೆ, ಅದು ಹಾಕಿ.

ಗಾಳಿಯ ದಾರಿ ಸರಿ ಮಾಡಿಯೂ ಎಣಿಕೆ 10, 15ರಲ್ಲೇ ನಿಂತರೆ ಮೆಷಿನ್ ಬಿಚ್ಚಲೇಬೇಕು. ಅದಕ್ಕೂ ಮೊದಲು ಗುಂಡಿ ಅಕಸ್ಮಾತ್ ತಣ್ಣನೆ ಗಾಳಿಯ ಗುರುತಿಗೆ ತಿರುಗಿದೆಯೇ ನೋಡಿಕೊಳ್ಳಿ. ಟೈಮರಿನ ಕೊನೆಯ ಕೆಲವು ನಿಮಿಷ ಹೀಟರ್ ತಾನಾಗಿ ಆಫ್ ಆಗುತ್ತದೆ, ಆಗ ಪರೀಕ್ಷೆ ಮಾಡಿದರೆ ತಪ್ಪು ಉತ್ತರ ಸಿಗುತ್ತದೆ. ಕೆಲವು ಮೆಷಿನ್ನಿನ ಹಿಂಭಾಗದಲ್ಲಿ ಸಣ್ಣ ರೀಸೆಟ್ ಗುಂಡಿ ಇರುತ್ತದೆ. ಮೆಷಿನ್ ತಣ್ಣಗಾದ ಮೇಲೆ ಅದನ್ನು ಒತ್ತಿದರೆ ಟಕ್ ಎಂದು ಕೂರುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ನೋಡಿ.

ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ಪ್ಲಗ್ಗು ಕಿತ್ತು, ಹೀಟರಿನ ಒಂದು ಕಡೆಯ ವೈರ್ ಬಿಡಿಸಿ, ಎರಡು ತುದಿಗೆ ಮಲ್ಟಿಮೀಟರ್ ಇಡಬೇಕು. 2000 ವ್ಯಾಟಿನ ಕಾಯಿಲ್ ಹೀಟರ್ ಆದರೆ 26 ಓಮ್‌ನ ಆಸುಪಾಸು ತೋರಿಸಬೇಕು (ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಎಂಬ ಅಳತೆ). ಲೆಕ್ಕ ಸುಲಭ: 230ನ್ನು 230ರಿಂದ ಗುಣಿಸಿ 2000ದಿಂದ ಭಾಗಿಸಿ. ಹೀಗೆ ತೋರಿಸಿದರೆ ಕಾಯಿಲ್ ತುಂಡಾಗಿಲ್ಲ, ನಾಲ್ಕೂವರೆ ಸಾವಿರ ಉಳಿಯಿತು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ರಿಪೇರಿಯವರು ಹೇಳಿದ್ದು ಸರಿ. ಕೆಲವು ಮೆಷಿನ್‌ಗಳಲ್ಲಿ ಕಾಯಿಲ್ ಬದಲು ಪಿಟಿಸಿ ಹೀಟರ್ ಇರುತ್ತದೆ, ಅಲ್ಯೂಮಿನಿಯಂ ರೆಕ್ಕೆಗಳ ಚೌಕ ತುಂಡು. ಅದರ ಓಮ್ ಬಿಸಿಯ ಜೊತೆ ಬದಲಾಗುತ್ತದೆ, 26ರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಯಾವ ಬಗೆಯದೇ ಆಗಲಿ, ಹೀಟರಿನ ತುದಿಯಿಂದ ಮೆಷಿನ್ ಬಾಡಿಗೆ ಕರೆಂಟ್ ಸೋರುತ್ತಿದೆಯೇ ಎಂದೂ ಅಳೆಯಬೇಕು. ಡ್ರೈಯರ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬೀಳುವ ಮನೆಗಳಲ್ಲಿ ಇದೇ ಮೊದಲ ಅನುಮಾನ.

ನಂತರ ಥರ್ಮಲ್ ಫ್ಯೂಸ್ ಮತ್ತು ಥರ್ಮೋಸ್ಟಾಟ್. ಎರಡೂ ತಣ್ಣಗಿದ್ದಾಗ ಮಲ್ಟಿಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಫ್ಯೂಸ್ ಹೋಗಿದ್ದರೆ ಅದರ ಮೇಲೆ ಅಚ್ಚಾಗಿರುವ ಡಿಗ್ರಿ ಮತ್ತು ಆಂಪಿಯರ್ ಓದಿ, ಅದೇ ಅಳತೆಯದು ತರಿಸಿ. ಅಂಗಡಿಯಲ್ಲಿ "ಇದು ಸ್ವಲ್ಪ ಜಾಸ್ತಿ ಡಿಗ್ರಿದು, ನಡೆಯುತ್ತದೆ" ಅಂದರೆ ತೆಗೆದುಕೊಳ್ಳಬೇಡಿ. ಇದು ಹೀಟರಿಗಿಂತ ತುಂಬಾ ಅಗ್ಗದ ಸಾಮಾನು. ನೀವು ಕೇಳಲೇಬೇಕಾದ ಪ್ರಶ್ನೆ, ಅದು ಯಾಕೆ ಹಾರಿತು ಎಂಬುದು. ಅದಕ್ಕೆ ಉತ್ತರ ಕೊಡದೆ ಬರೀ ಫ್ಯೂಸ್ ಹಾಕಿ ಹೋದರೆ ಸದಾಶಿವಗಡದ ಕಥೆಯೇ ನಿಮ್ಮ ಮನೆಯಲ್ಲೂ ಆಗುತ್ತದೆ.

ಕೋಡಿಬಾಗ ಅಂದಿರಿ, ಅದಕ್ಕೇ ವೈರಿನ ತುದಿಗಳ ಬಗ್ಗೆ ಬಿಡಿಸಿ ಹೇಳಬೇಕು. ಸಮುದ್ರ ಹತ್ತಿರ, ನದಿ ಹತ್ತಿರ. ಹೀಟರಿಗೆ ಸಿಕ್ಕಿಸುವ ಲಗ್ಗುಗಳ, ಅಂದರೆ ವೈರಿನ ತುದಿಗೆ ಒತ್ತಿದ ಲೋಹದ ಹಿಡಿಕೆಗಳ ಮೇಲೆ ಹಸಿರು ಪುಡಿ ಕಂಡರೆ ಅದು ಕಿಲುಬು. ಕೆಲವು ಸಲ ಲಗ್ ಹೊರಗಿನಿಂದ ಚೆನ್ನಾಗಿ ಹೊಳೆಯುತ್ತಿರುತ್ತದೆ. ಕೈಯಲ್ಲಿ ಹಿಡಿದು ಸ್ವಲ್ಪ ಎಳೆದರೆ ವೈರ್ ಸುಮ್ನೆ ಕಳಚಿ ಬರುತ್ತದೆ, ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗಿರುತ್ತದೆ. ಮೋಟರಿಗೆ ಕರೆಂಟ್ ಕಡಿಮೆ ಸಾಕು, ಅದರ ತುದಿಗಳು ತಾಳಿಕೊಳ್ಳುತ್ತವೆ. ಹೀಟರ್ ಎಳೆಯುವುದು 8, 9 ಆಂಪಿಯರ್. ತುಕ್ಕು ಹಿಡಿದ ಜಾಗ ಅಷ್ಟನ್ನು ತಾಳದೆ ತಾನೇ ಕಾದು ಸುಟ್ಟುಹೋಗುತ್ತದೆ. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಒತ್ತಿಸಬೇಕು. ಎಣ್ಣೆ ಸವರುವುದು, ಟೇಪ್ ಸುತ್ತುವುದು ರಿಪೇರಿ ಅಲ್ಲ. ಇಷ್ಟೆಲ್ಲ ಸರಿ ಇದ್ದೂ ಬಿಸಿ ಬರದಿದ್ದರೆ ಬಾಗಿಲಿನ ಸ್ವಿಚ್ಚು, ಟೈಮರಿನ ಒಳಗಿನ ಪಾಯಿಂಟ್, ಎಲೆಕ್ಟ್ರಾನಿಕ್ ಮಾಡೆಲ್ ಆದರೆ ಬೋರ್ಡಿನ ರಿಲೇ (ಹೀಟರನ್ನು ಆನ್ ಆಫ್ ಮಾಡುವ ಸ್ವಿಚ್ಚು) ನೋಡುತ್ತಾ ಹೋಗಬೇಕು.

ಎಣಿಕೆ 60, 70 ಬಂದವರಿಗೆ ಬೇರೆ ದಾರಿ. ವೋಲ್ಟೇಜ್ ಬಿದ್ದರೆ ಹೀಟರಿನ ಶಕ್ತಿ ಅದಕ್ಕಿಂತ ವೇಗವಾಗಿ ಬೀಳುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಕಾಯಿಲ್, 170 ವೋಲ್ಟಿನಲ್ಲಿ 1100 ವ್ಯಾಟ್ ಕೂಡ ಕೊಡುವುದಿಲ್ಲ. ಡ್ರೈಯರ್ ಹಾಕಿದಾಗ ನಿಮ್ಮ ಮನೆಯ ದೀಪ ಮಾತ್ರ ಮಂಕಾಗಿ ಪಕ್ಕದ ಮನೆಯದು ಸರಿ ಇದ್ದರೆ, ನಿಮ್ಮ ಮನೆಯ ವೈರಿಂಗಿನಲ್ಲೋ ಕಂಬದಿಂದ ಬರುವ ಸರ್ವಿಸ್ ವೈರಿನಲ್ಲೋ ಜೋಡಣೆ ಸಡಿಲ ಇದೆ. ಸುತ್ತಲಿನ ಎಲ್ಲರ ಮನೆಯಲ್ಲೂ ಮಂಕಾದರೆ ಲೈನಿನದೇ ತೊಂದರೆ, ಲೈನ್‌ಮನ್‌ಗೆ ಹೇಳಿ. ಅಲ್ಲಿಯವರೆಗೆ ಸಂಜೆ ಬಿಟ್ಟು ಮಧ್ಯಾಹ್ನ ಓಡಿಸಿ.

ಪ್ಲಗ್ಗನ್ನು ಎಲ್ಲರೂ ನೋಡಲೇಬೇಕು. 20 ನಿಮಿಷ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕಿತ್ತು ಪಿನ್ನುಗಳನ್ನು ನೋಡಿ. ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿ, ಅದರ ಬುಡದ ಪ್ಲಾಸ್ಟಿಕ್ ಕುಗ್ಗಿದ್ದರೆ ಸಾಕೆಟ್ ಸಡಿಲ. ಪ್ಲಗ್ಗು, ಸಾಕೆಟ್ಟು ಎರಡನ್ನೂ ಒಟ್ಟಿಗೆ ಬದಲಿಸಿ, 16 ಆಂಪಿಯರಿನದೇ ಹಾಕಿ. ಸಣ್ಣ ಪಾಯಿಂಟಿಗೆ ಕನ್ವರ್ಟರ್ ಪಿನ್ ಸಿಕ್ಕಿಸಿ ಓಡಿಸಬೇಡಿ. ಇಲ್ಲಿ ನಮ್ಮ ಕಡೆಯವರು ವಿಶೇಷವಾಗಿ ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ. ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಅನೇಕ ಸಲ ಮೀನಿನಂಥ ವಾಸನೆ ಬರುತ್ತದೆ. ಬೇರೆ ಊರಿನವರಾದರೆ ಇದೇನು ವಾಸನೆ ಎಂದು ಹುಡುಕುತ್ತಾರೆ. ನಮ್ಮ ಕರಾವಳಿಯ ಅಡುಗೆಮನೆಯ ಪಕ್ಕ ಅದು ಬಂದರೆ ಒಣಮೀನಿನ ಡಬ್ಬಿ ತೆರೆದಿರಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೀನು ತಂದಿಲ್ಲದ ದಿನ ಆ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಹುಡುಕಿ.

ಯೂಟ್ಯೂಬಿನಲ್ಲಿ ಹುಡುಕಿದರೆ ಅಮೆರಿಕದ ವಿಡಿಯೋಗಳೇ ಜಾಸ್ತಿ. ಅಲ್ಲಿನ ಡ್ರೈಯರ್‌ಗೆ 120 ವೋಲ್ಟಿನ ಎರಡು ಲೈನ್ ಸೇರಿ 240 ಆಗುತ್ತದೆ. ಒಂದು ಲೈನ್ ಹೋದರೂ ಮೋಟರ್ ತಿರುಗಿ ಹೀಟರ್ ಮಾತ್ರ ನಿಲ್ಲಬಹುದು. ಗ್ಯಾಸಿನಿಂದ ಉರಿಯುವ ಡ್ರೈಯರ್‌ಗಳೂ ಅಲ್ಲಿವೆ. ನಿಮ್ಮದು ಒಂದೇ ಲೈನಿನ ಮೆಷಿನ್, ಆ ಪರೀಕ್ಷೆಗಳನ್ನು ಇಲ್ಲಿ ಮಾಡಲು ಹೋಗಬೇಡಿ.

ರಿಪೇರಿ ಆಗುವವರೆಗೆ ಮಗುವಿನ ಬಟ್ಟೆಗೆ ಏನು ಮಾಡುವುದು? ವಾಷಿಂಗ್ ಮೆಷಿನ್ನಿನಲ್ಲಿ ಎರಡನೇ ಸಲ ಹಿಂಡಿಸಿ, ಅತಿ ವೇಗದಲ್ಲಿ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.7 ಯೂನಿಟ್ ಕರೆಂಟ್ ಬೇಕು. ಹಿಂಡಿ ತೆಗೆದ ನೀರಿಗೆ ಅದರ ಒಂದು ಚೂರು ಮಾತ್ರ ಖರ್ಚಾಗುತ್ತದೆ. ಡ್ರೈಯರ್ ಸರಿಯಾದ ಮೇಲೂ ಈ ಅಭ್ಯಾಸ ಬಿಡಬೇಡಿ. ತೆಳು ಬಟ್ಟೆಗಳನ್ನು ಫ್ಯಾನ್ ಕೆಳಗೆ ಒಂದಕ್ಕೊಂದು ತಾಗದಂತೆ ಹರವಿ, ಅರ್ಧ ಒಣಗಿದ ಮೇಲೆ ಇಸ್ತ್ರಿ ಹಾಕಿ, ಮುಗ್ಗಲು ವಾಸನೆ ಹಿಡಿಯುವುದಿಲ್ಲ. ಹಳೆ ಮನೆಗಳ ಹಾಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬಹುದು, ಉರಿಯಿಂದ ಸಾಕಷ್ಟು ಎತ್ತರದಲ್ಲಿ. ಆದರೆ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಬಾಗಿಲು ಮುಚ್ಚಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯೂ ಕಾಣುವುದಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಇನ್ನೊಂದು ನಿಮ್ಮ ಮನೆಗೇ ಸಂಬಂಧಿಸಿದ್ದು. ಬಾಣಂತಿಗೆ, ಮಗುವಿಗೆ ದಿನಾ ಎಣ್ಣೆ ತಿಕ್ಕುತ್ತೀರಿ. ಆ ಟವೆಲು, ಹಳೆ ಸೀರೆಯ ತುಂಡು ತಣ್ಣೀರಿನಲ್ಲಿ ತೊಳೆದರೆ ಎಣ್ಣೆ ಪೂರ್ತಿ ಬಿಡುವುದಿಲ್ಲ. ಎಣ್ಣೆ ಉಳಿದ ಬಟ್ಟೆ ಡ್ರೈಯರಿನಲ್ಲಿ ಕಾದು, ಬಿಸಿಬಿಸಿಯಾಗಿ ಗುಪ್ಪೆ ಬಿದ್ದರೆ, ಒಳಗೊಳಗೇ ಇನ್ನೂ ಕಾದು ಹೊತ್ತಿಕೊಳ್ಳಬಹುದು. ಅವನ್ನು ಸೋಪು ಹಾಕಿ ಬಿಸಿ ನೀರಿನಲ್ಲಿ ತೊಳೆಯಿರಿ. ಮೂಸಿದರೆ ಎಣ್ಣೆ ವಾಸನೆ ಇನ್ನೂ ಬರುತ್ತಿದ್ದರೆ ಡ್ರೈಯರಿಗೆ ಹಾಕಬೇಡಿ, ಹಗ್ಗದ ಮೇಲೆಯೇ ಒಣಗಲಿ. ಉಳಿದ ಬಟ್ಟೆಯನ್ನೂ ಡ್ರೈಯರ್ ನಿಂತ ಕೂಡಲೇ ತೆಗೆದು ಹರವಿ.

ಇವತ್ತು ಸಂಜೆಯೇ ಮೀಟರ್ ಎಣಿಸಿ, ಜಾಲರಿ ತೊಳೆದು, ಪೈಪು ಕಳಚಿ ನೋಡಿ, ನಾಳೆ ರಿಪೇರಿಯವರನ್ನು ಕರೆಯಿರಿ. "ಹೀಟರಿನ ಓಮ್ ಎಷ್ಟು ಬಂತು, ನನ್ನ ಮುಂದೆ ಅಳೆಯಿರಿ" ಎಂದು ಕೇಳಿ. ಯಾವ ಸಾಮಾನು ಬದಲಿಸಿದರೂ ಹಳೆಯದನ್ನು ನಿಮ್ಮ ಕೈಗೆ ಕೊಟ್ಟು ಹೋಗಲಿ. ಆಮೇಲೂ ಬಿಸಿ ಬರದಿದ್ದರೆ ಮಿಣುಕಿನ ಎಣಿಕೆ, ಮೀಟರ್ ಮೇಲಿನ ಅಂಕಿ, ಹೀಟರಿನ ಓಮ್ ಮೂರನ್ನೂ ನನಗೆ ಬರೆದು ಕಳಿಸಿ.